ಮುಖಪರಿಚಯವೂ ಬಂಡವಾಳವೇ

ಒಂದು ಲೋಟ ನೀರನ್ನು ಮುಂದಿಟ್ಟುಕೊಳ್ಳಿ. ಅದರ ಪ್ರತಿ ಅಣುವಿನಲ್ಲೂ ಎರಡು ಜಲಜನಕ ಪರಮಾಣುಗಳು ಒಂದು ಆಮ್ಲಜನಕ ಪರಮಾಣುವಿಗೆ ಗಟ್ಟಿಯಾಗಿ ಅಂಟಿಕೊಂಡಿವೆ. ಆದರೆ ಅಣು ಅಣುಗಳು ಪರಸ್ಪರ ಹಿಡಿದುಕೊಂಡಿರುವುದು ಈ ಗಟ್ಟಿ ಬಂಧದಿಂದಲ್ಲ. ಅದಕ್ಕೆ ಹೋಲಿಸಿದರೆ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಬಲವಿರುವ ‘ಜಲಜನಕ ಬಂಧ’ದಿಂದ. ಈ ದುರ್ಬಲ ಬಂಧ ಇಲ್ಲದಿದ್ದರೆ ಲೋಟದಲ್ಲಿ ನೀರೇ ಇರುತ್ತಿರಲಿಲ್ಲ, ಎಲ್ಲವೂ ಆವಿಯಾಗಿ ಹೋಗಿರುತ್ತಿತ್ತು.

ರಸಾಯನಶಾಸ್ತ್ರದ ಈ ಪಾಠಕ್ಕೂ ಉದ್ಯೋಗ ಹುಡುಕುವುದಕ್ಕೂ ಏನು ಸಂಬಂಧ? ಸಂಬಂಧ ಉಂಟೆಂದು ಕಂಡವರು ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್. ಕಾಲೇಜಿನಲ್ಲಿ ಕೇಳಿದ್ದ ಈ ಪಾಠ ಅವರ ಮನಸ್ಸಿನಲ್ಲಿ ಉಳಿದಿತ್ತು. ಜನರಿಗೆ ಕೆಲಸ ಸಿಗುವುದು ಹೇಗೆ ಎಂದು ತಿಳಿಯಲು ಅವರು ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ, ಆಗಷ್ಟೇ ಹೊಸ ಕೆಲಸಕ್ಕೆ ಸೇರಿದ್ದ 282 ಮಂದಿಯನ್ನು ವಿಚಾರಿಸಿದರು. ಅವರೆಲ್ಲ ವೃತ್ತಿಪರ, ತಾಂತ್ರಿಕ ಹಾಗೂ ವ್ಯವಸ್ಥಾಪಕ ಹುದ್ದೆಗಳಲ್ಲಿದ್ದವರು. ನೂರಕ್ಕೆ 56 ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯದವರಿಂದ. ಜಾಹೀರಾತು, ಏಜೆನ್ಸಿಗಳಿಂದ ಸಿಕ್ಕವರು ನೂರಕ್ಕೆ 19 ಮಂದಿಯೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ. ಆ ಪರಿಚಯದವರು ಯಾರು ಎಂದು ಕೆದಕಿದಾಗ ಸ್ವಾರಸ್ಯ ಹೊರಬಿತ್ತು. ‘ಸುದ್ದಿ ಹೇಳಿದವರು ನಿಮ್ಮ ಸ್ನೇಹಿತರೇ?’ ಎಂದು ಕೇಳಿದರೆ, ‘ಸ್ನೇಹಿತರಲ್ಲ, ಬರೀ ಪರಿಚಯ’ ಎಂದು ಹಲವರು ತಿದ್ದಿದರು. ಹೀಗೆ ಕೆಲಸ ಪಡೆದವರಲ್ಲಿ ಆಗಾಗ ಭೇಟಿಯಾಗುವವರಿಂದ ಸುದ್ದಿ ತಿಳಿದವರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರಿಗೆಲ್ಲ ಅಪರೂಪಕ್ಕೊಮ್ಮೆ, ಕೆಲವರಿಗಂತೂ ವರ್ಷಕ್ಕೊಮ್ಮೆ ಕಾಣಸಿಗುವವರು ನೆರವಾಗಿದ್ದರು. ಈ ವಿಚಾರ ಕುರಿತ ಗ್ರಾನೊವೆಟರ್ ಅವರ ಲೇಖನವನ್ನು 1969ರಲ್ಲಿ ಒಂದು ಸಂಶೋಧನಾ ಪತ್ರಿಕೆ ತಿರಸ್ಕರಿಸಿತು. 1973ರಲ್ಲಿ ಮತ್ತೊಂದರಲ್ಲಿ ಪ್ರಕಟವಾದ ಮೇಲೆ ಅದು ಜಗತ್ಪ್ರಸಿದ್ಧವಾಯಿತು.

ಕಾರಣ ಸರಳ. ದಿನವೂ ಒಂದೇ ಕಟ್ಟೆಯ ಮೇಲೆ ಕೂರುವ ಐವರು ಗೆಳೆಯರಿಗೆ ಗೊತ್ತಿರುವ ಸುದ್ದಿಯೂ ಒಂದೇ. ಐದನೆಯವನಿಗೆ ತಿಳಿಯದ್ದು ಮೊದಲನೆಯವನಿಗೂ ತಿಳಿದಿರುವುದಿಲ್ಲ. ದೂರದ ಪರಿಚಯದವರು ಬೇರೆ ಊರಿನ, ಬೇರೆ ಕಚೇರಿಯ ಮಾತು ಕೇಳಿರುತ್ತಾರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಲಿಂಕ್ಡ್‌ಇನ್ ಬಳಸುವ ಸುಮಾರು ಎರಡು ಕೋಟಿ ಜನರ ಅಧ್ಯಯನವೂ ಇದನ್ನೇ ಹೇಳಿತು. ಜೊತೆಗೆ ಒಂದು ತಿದ್ದುಪಡಿ ಸೇರಿಸಿತು: ಹೆಚ್ಚು ಪ್ರಯೋಜನಕ್ಕೆ ಬರುವವರು ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನವರು.

ಇಲ್ಲಿ ಪಾಲಕರು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ‘ನಮಗೆ ಯಾರ ವಶೀಲಿಯೂ ಇಲ್ಲ, ನಮ್ಮ ಹುಡುಗನಿಗೆ ಕೆಲಸ ಎಲ್ಲಿಂದ ಬರಬೇಕು?’ ಎಂದು ಮಕ್ಕಳ ಎದುರಿಗೇ ನಿಟ್ಟುಸಿರು ಬಿಡುವ ಮನೆಗಳು ಎಷ್ಟೋ. ಆದರೆ ವಶೀಲಿ ಬೇರೆ, ಪರಿಚಯ ಬೇರೆ. ವಶೀಲಿಯವರು ಅರ್ಹತೆಯನ್ನು ಬದಿಗೊತ್ತಿ ಒಳಗೆ ಸೇರಿಸುತ್ತಾರೆ. ಪರಿಚಯದವರು ಬಾಗಿಲು ಎಲ್ಲಿದೆ, ಯಾವಾಗ ತೆರೆಯುತ್ತದೆ ಎಂದು ತಿಳಿಸುತ್ತಾರೆ, ಅಷ್ಟೇ. ಒಳಗೆ ಹೋಗಬೇಕಾದವರು ಅಭ್ಯರ್ಥಿಯೇ.

ಹಾಗಾದರೆ ಏನು ಮಾಡಬೇಕು? ಮೊದಲು ಗುರಿ ನಿಶ್ಚಯವಾಗಲಿ. ಕಂಡ ಕಂಡ ಜಾಹೀರಾತಿಗೆಲ್ಲ ಒಂದೇ ಅರ್ಜಿ ಕಳಿಸುವುದು ಹುಡುಕಾಟವಲ್ಲ. ಓದಿಗೆ ಹೊಂದುವ ಎರಡು ಮೂರು ಬಗೆಯ ಕೆಲಸ ಆರಿಸಿಕೊಳ್ಳಿ. ರಸಾಯನಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರೆಗೆ ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆ ವಿಭಾಗ, ಆಹಾರ ಅಥವಾ ನೀರಿನ ಪರೀಕ್ಷಾಲಯ ಹೀಗೆ. ಬಳಿಕ ಒಂದು ನೋಟುಪುಸ್ತಕದಲ್ಲಿ ಮೂವತ್ತು ಹೆಸರು ಬರೆಯಿರಿ: ಕಾಲೇಜಿನ ಹಿರಿಯ ವಿದ್ಯಾರ್ಥಿಗಳು, ಪ್ರಯೋಗಾಲಯದ ಸಹಾಯಕರು, ಅಪ್ಪನ ಹಳೆಯ ಸಹೋದ್ಯೋಗಿ, ಮದುವೆಮನೆಯಲ್ಲಿ ಮಾತನಾಡಿಸಿದ ದೂರದ ನೆಂಟರು.

ಅವರನ್ನು ‘ಒಂದು ಕೆಲಸ ಕೊಡಿಸಿ’ ಎಂದು ಕೇಳಬೇಡಿ. ಕೊಡಿಸುವುದು ಅವರ ಕೈಯಲ್ಲಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಸರ್, ನಿಮ್ಮದೇ ಕಾಲೇಜಿನಲ್ಲಿ ಈ ವರ್ಷ ಬಿ.ಎಸ್ಸಿ. ಮುಗಿಸಿದ್ದೇನೆ. ನಿಮ್ಮ ವಿಭಾಗಕ್ಕೆ ಹೊಸಬರನ್ನು ಯಾವಾಗ ತೆಗೆದುಕೊಳ್ಳುತ್ತಾರೆ? ಅಷ್ಟರಲ್ಲಿ ನಾನು ಏನು ಕಲಿತಿರಬೇಕು?’ ಎಂದು ಕೇಳಿ. ಇದಕ್ಕೆ ಉತ್ತರಿಸಲು ಯಾರಿಗೂ ಸಂಕೋಚವಿಲ್ಲ. ಯಾರು, ಯಾವ ದಿನ, ಏನು ಹೇಳಿದರು ಎಂಬುದನ್ನು ಪ್ರಯೋಗದ ದಾಖಲೆಯಂತೆ ಬರೆದಿಡಿ. ಅವರು ಸೂಚಿಸಿದ್ದನ್ನು ಮಾಡಿ ಮುಗಿಸಿದ ಮೇಲೆ ಒಂದು ಸಾಲಿನಲ್ಲಿ ತಿಳಿಸಿ. ಮುಂದೆ ಸ್ಥಾನ ಖಾಲಿಯಾದಾಗ ಅವರಿಗೆ ನೆನಪಾಗುವುದು ಆ ಒಂದು ಸಾಲು.

ಒಂದು ಎಚ್ಚರಿಕೆ. ಲೋಕಸೇವಾ ಆಯೋಗದಂಥ ಸಂಸ್ಥೆಗಳು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ತುಂಬುವ ಹುದ್ದೆಗಳಿಗೆ ಪರಿಚಯದವರಿಂದ ಆಗಬಹುದಾದ ಸಹಾಯವೆಂದರೆ ಅಧಿಸೂಚನೆಯ ಸುದ್ದಿ ಮತ್ತು ಓದುವ ಕ್ರಮ, ಇವೆರಡೇ. ‘ಒಳಗೆ ನನಗೆ ಜನ ಗೊತ್ತು, ಇಷ್ಟು ಲಕ್ಷ ಕೊಡಿ’ ಎನ್ನುವವನು ಪರಿಚಯದವನಲ್ಲ, ಮೋಸಗಾರ. ಹೊಲ ಮಾರಿ, ಒಡವೆ ಅಡವಿಟ್ಟು ಅಂಥವರ ಕೈಗೆ ಹಣವಿತ್ತರೆ ಹಣವೂ ಹೋಗುತ್ತದೆ, ಪರೀಕ್ಷೆಗೆ ಓದಬೇಕಾಗಿದ್ದ ವರ್ಷವೂ ಹೋಗುತ್ತದೆ. ಹಣ ಕೊಟ್ಟವರೂ ಕಾನೂನಿನ ಕೈಗೆ ಸಿಕ್ಕಿಬೀಳಬಹುದು.

ಕೆಲಸ ಸಿಗದ ದಿನಗಳಲ್ಲಿ ಮಕ್ಕಳು ನಾಚಿಕೆಯಿಂದ ನಾಲ್ಕು ಜನರ ನಡುವೆ ಹೋಗುವುದನ್ನೇ ಬಿಡುತ್ತಾರೆ. ‘ಏನಪ್ಪಾ, ಇನ್ನೂ ಮನೆಯಲ್ಲೇ ಇದ್ದೀಯಾ?’ ಎಂಬ ಪ್ರಶ್ನೆಯ ಭಯ ಅವರಿಗೆ. ಸುದ್ದಿ ಬರಬಹುದಾದ ದಾರಿಯನ್ನು ಹೀಗೆ ತಾವೇ ಮುಚ್ಚಿಕೊಳ್ಳುತ್ತಾರೆ. ಮುಂದಿನ ಮದುವೆಗೋ ಜಾತ್ರೆಗೋ ಮಗನನ್ನು, ಮಗಳನ್ನು ಒತ್ತಾಯಿಸಿಯಾದರೂ ಕರೆದುಕೊಂಡು ಹೋಗಿ. ಆ ಪ್ರಶ್ನೆಗೆ ‘ಹೌದು, ಹುಡುಕುತ್ತಿದ್ದೇನೆ, ಇಂಥದ್ದು ಬೇಕು’ ಎಂದು ತಲೆಯೆತ್ತಿ ಉತ್ತರಿಸಲು ಹೇಳಿಕೊಡಿ.