ರಿಪೋರ್ಟ್ ನಾರ್ಮಲ್ ಬಂತು, ಮಾತ್ರೆ ಬಿಡಬಹುದಾ?

ಕಳೆದ ತಿಂಗಳು ದುಬೈಯ ನಮ್ಮ ರೂಮಿನಲ್ಲಿ ಸಣ್ಣ ಜಗಳವೊಂದು ಆಯಿತು. ಕುಂದಾಪುರ ಕಡೆಯ ಅಣ್ಣನೊಬ್ಬರು ನಮ್ಮ ಜೊತೆಗಿದ್ದಾರೆ. ವಯಸ್ಸು 46, ಶುಗರ್ ಇದೆ. ಹೋದ ವರ್ಷ ಅವರ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 160 ಇತ್ತು. ಡಾಕ್ಟರು ಅಟೋರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ ಬರೆದುಕೊಟ್ಟರು. ಮೂರು ತಿಂಗಳಲ್ಲಿ 96ಕ್ಕೆ ಇಳಿಯಿತು. "ನಾರ್ಮಲ್ ಆಯ್ತಲ್ಲ, ಇನ್ಯಾಕೆ ದುಡ್ಡು ದಂಡ?" ಅಂತ ಅಣ್ಣ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಮೊನ್ನೆ ನೋಡಿದರೆ ಮತ್ತೆ 158!

ನಾವು ಲೆಕ್ಕ ಬರೆಯುವವರು, ವೈದ್ಯರಲ್ಲ. ಆದರೆ ಈ ಲೆಕ್ಕ ಸುಲಭ. ನಮ್ಮ ಲಿವರ್ ದಿನವೂ ಕೊಲೆಸ್ಟ್ರಾಲ್ ತಯಾರಿಸುತ್ತದೆ. ಸ್ಟ್ಯಾಟಿನ್ ಮಾತ್ರೆ ಅದನ್ನು ತಗ್ಗಿಸುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಹಳೆಯ ಮಟ್ಟ ವಾಪಸ್. ಆ 96 ಬ್ಯಾಂಕಿನಲ್ಲಿಟ್ಟ ಉಳಿತಾಯ ಅಲ್ಲ, ದಿನಗೂಲಿ. ಕೆಲಸ ನಿಂತ ದಿನ ಕೂಲಿಯೂ ನಿಂತಿತು.

ಅಟೋರ್ವಾಸ್ಟ್ಯಾಟಿನ್ 10ರಿಂದ 20, ಅಥವಾ ರೋಸುವಾಸ್ಟ್ಯಾಟಿನ್ 5ರಿಂದ 10 ಮಿಲಿಗ್ರಾಂ ಮಧ್ಯಮ ಡೋಸ್. ಇದು ಎಲ್‌ಡಿಎಲ್ಲನ್ನು ಶೇಕಡಾ 30ರಿಂದ 49ರಷ್ಟು ಇಳಿಸುತ್ತದೆ. 40 ದಾಟಿದ ಶುಗರ್ ಇರುವವರಿಗೆ ಸಾಮಾನ್ಯವಾಗಿ ಇಷ್ಟರಿಂದಲೇ ಶುರು. ಡೋಸ್ ಡಬಲ್ ಮಾಡಿದರೆ ಫಲವೂ ಡಬಲ್ ಆಗುವುದಿಲ್ಲ, ಹೆಚ್ಚುವರಿ ಇಳಿಕೆ ಸುಮಾರು ಶೇಕಡಾ 6 ಮಾತ್ರ. ಹಾಗಾಗಿ ನಿನ್ನೆ ಮರೆತದ್ದಕ್ಕೆ ಇವತ್ತು ಎರಡು ನುಂಗಬೇಡಿ. ಆದರೆ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಡಾಕ್ಟರು ಸಾಮಾನ್ಯವಾಗಿ ಹೆಚ್ಚಿನ ಡೋಸನ್ನೇ ಕೊಡುತ್ತಾರೆ. ಅದನ್ನು ನಾವಾಗಿ ಕಡಿಮೆ ಮಾಡುವಂತಿಲ್ಲ.

"ಮೈಕೈ ನೋವು ಬರ್ತದಂತೆ" ಅಂದರು ಅಣ್ಣ. ಕೆಲವರಿಗೆ ಬರುವುದು ನಿಜ. ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಇಳಿಸುತ್ತಾರೆ ಅಥವಾ ಬೇರೆ ಮಾತ್ರೆ ಕೊಡುತ್ತಾರೆ. ನೋವು ಜೋರಾಗಿದ್ದು ಮೂತ್ರ ಕಪ್ಪಗಾದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮವರಲ್ಲಿ ಹೆಚ್ಚಿನವರು ರಜೆಯಲ್ಲಿ ಊರಿಂದ ಮಾತ್ರೆ ತರುತ್ತಾರೆ, ಮುಗಿದ ಮೇಲೆ ಸುಮ್ಮನಾಗುತ್ತಾರೆ. ಸಂಬಳದ ದಿನ ಮನೆಗೆ ದುಡ್ಡು ಕಳಿಸುವಾಗಲೇ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಎಣಿಸಿ. ಆ ದುಡ್ಡು ಪ್ರತಿ ತಿಂಗಳು ಊರಿಗೆ ಹೋಗಬೇಕಾದರೆ ಕಳಿಸುವವರು ಗಟ್ಟಿಯಾಗಿರಬೇಕಲ್ಲ?

ಅಣ್ಣ ಡಾಕ್ಟರನ್ನು ಕಂಡು ಮತ್ತೆ ಶುರು ಮಾಡಿದ್ದಾರೆ. ರಾತ್ರಿ ಊಟ ಆದ ಮೇಲೆ ನಾವೇ ಕೇಳುತ್ತೇವೆ: "ಅಣ್ಣಾ, ಇವತ್ತಿನದು ಆಯ್ತಾ?" ನಿಮ್ಮ ರೂಮಿನಲ್ಲೂ ಹೀಗೆ ಕೇಳುವವರೊಬ್ಬರು ಇರಲಿ.