ಗೋಡೆ ಮೇಲಿನ ಒಂದೇ ಬೋರ್ಡು

ಯಾವ ಸ್ಕ್ಯಾನಿಂಗ್ ಸೆಂಟರಿಗೆ ಬೇಕಾದ್ರೂ ಹೋಗಿ, ಗೋಡೆ ಮೇಲೆ ಆ ಬೋರ್ಡು ಇದ್ದೇ ಇರುತ್ತೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಇರಲಿ, ಇರಲೇಬೇಕು. 1994ರ ಕಾಯ್ದೆ ಸುಮ್ಮನೆ ಬಂದದ್ದಲ್ಲ. ಆದರೆ ಈ ಯಂತ್ರವನ್ನು ಯಾತಕ್ಕೆ ಬಳಸಬಾರದು ಅಂತ ಅಷ್ಟು ದಪ್ಪಕ್ಷರದಲ್ಲಿ ಬರೆಸಿದವರು, ಯಾತಕ್ಕೆ ಬಳಸಬೇಕು ಅಂತ ಒಂದು ಸಾಲನ್ನೂ ಬರೆಸಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ನನ್ನ ಅಕ್ಕನ ಮಗಳಿಗೆ ಎರಡು ತಿಂಗಳಾದಾಗ ಒಂದು ಸ್ಕ್ಯಾನಿಂಗ್ ಆಯ್ತು. ಎದೆಬಡಿತ ಇದೆ ಅಂದ್ರು, ಹೆರಿಗೆ ತಾರೀಖು ಬರೆದುಕೊಟ್ರು. ಮುಂದಿನದು ಆದದ್ದು ಏಳನೇ ತಿಂಗಳಲ್ಲಿ. ಮಗುವಿನ ಬೆನ್ನುಮೂಳೆ ಮುಚ್ಚಿಕೊಂಡಿಲ್ಲ, ತಲೆಯಲ್ಲಿ ನೀರು ತುಂಬಿದೆ ಅಂತ ಗೊತ್ತಾದದ್ದು ಆಗ. ‘ಐದನೇ ತಿಂಗಳಲ್ಲಿ ಯಾಕೆ ಮಾಡಿಸ್ಲಿಲ್ಲ?’ ಅಂತ ಡಾಕ್ಟರು ಅವಳನ್ನೇ ಗದರಿದರು. ಮಾಡಿಸಬೇಕು ಅಂತ ಅವಳಿಗೆ ಹೇಳಿದ್ದವರು ಯಾರು ಸ್ವಾಮಿ?

ಮನೆಗೆ ಬಂದರೆ ಇನ್ನೊಂದು ಕೋರ್ಟು. ಗ್ರಹಣದ ದಿನ ಏನು ಮಾಡಿದ್ಲು ಅಂತ ಅತ್ತೆಯ ವಿಚಾರಣೆ. ‘ಚಿಕ್ಕಮ್ಮಾ, ಅವತ್ತು ನಾನು ಹೊಸಿಲಾಚೆ ಕಾಲೇ ಇಟ್ಟಿರ್ಲಿಲ್ಲ’ ಅಂತ ನನ್ನ ಮುಂದೆ ಆಣೆ ಮಾಡಿದಳು ಆ ಹುಡುಗಿ.

ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ಕಟ್ಟಿದ 28 ದಿನದೊಳಗೇ ಮುಚ್ಚಿಕೊಳ್ಳಬೇಕು. ಎಷ್ಟೋ ಹೆಂಗಸರಿಗೆ ಆಗ ತಿಂಗಳು ನಿಂತದ್ದೇ ಗೊತ್ತಾಗಿರಲ್ಲ. ಅದಕ್ಕೇ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಬಸಿರಾಗುವ ಮೊದಲೇ ಶುರು ಮಾಡಬೇಕು. ಆಮೇಲೆ 18ರಿಂದ 20 ವಾರದಲ್ಲಿ ಕೂತು ನೋಡಬೇಕು: ತಲೆ, ಹೃದಯದ ನಾಲ್ಕು ಕೋಣೆ, ಬೆನ್ನು, ಮೂತ್ರಪಿಂಡ, ತುಟಿ, ಕೈಕಾಲು. ಎಲ್ಲವೂ ಕಾಣುತ್ತೆ ಅಂತಲ್ಲ, ನುರಿತವರ ಕಣ್ಣಿಗೂ ತಪ್ಪುತ್ತೆ. ಆದರೆ ಐದು ನಿಮಿಷದಲ್ಲಿ ‘ಎಲ್ಲಾ ನಾರ್ಮಲ್’ ಅಂತ ಕಳಿಸುವ ಕೆಲಸ ಅದಲ್ಲ.

‘ಗೊತ್ತಾಗಿ ಮಾಡೋದೇನು, ತೆಗೆಸೋದೇ ತಾನೆ?’ ಅಂತಾರೆ ಕೆಲವರು. ಹಾಗಲ್ಲ. ಬೆನ್ನಿನ ತೊಂದರೆ ಮೊದಲೇ ತಿಳಿದರೆ ಮಕ್ಕಳ ಸರ್ಜನ್ ಇರುವ ಕಡೆ ಹೆರಿಗೆಗೆ ಏರ್ಪಾಡು ಮಾಡಬಹುದು. ಹುಟ್ಟಿದ ಒಂದೆರಡು ದಿನದಲ್ಲೇ ಆ ಗಾಯ ಮುಚ್ಚಬೇಕು. ಹೃದಯದ ತೊಂದರೆಗೂ ಹಾಗೇ. ಮುಂದುವರಿಸೋದು ಬೇಡ ಅನ್ನುವವರಿಗೂ ದಾರಿ ಇರಬೇಕು. 2008ರಲ್ಲಿ ಮುಂಬೈನ ನಿಕೇತಾ ಮೆಹ್ತಾ ಇದಕ್ಕಾಗಿ ಹೈಕೋರ್ಟಿಗೆ ಹೋಗಿ ಸೋತರು, ಆಗಿನ ಮಿತಿ 20 ವಾರ. 2021ರ ತಿದ್ದುಪಡಿ ಬಂದ ಮೇಲೆ, ಗಂಭೀರ ನ್ಯೂನತೆ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಿದರೆ ವಾರದ ಲೆಕ್ಕವಿಲ್ಲ. ಕಾನೂನು ಬದಲಾಯ್ತು, ನಮ್ಮ ಹುಡುಗಿಯ ಕಿವಿಗೆ ಬೀಳಲಿಲ್ಲ ಅಷ್ಟೆ.

2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಸಿಕ್ಕಿಬಿತ್ತು, ನೆನಪಿದೆಯಾ? ಹೆಣ್ಣೋ ಗಂಡೋ ನೋಡೋಕೆ ಯಂತ್ರ ಕಬ್ಬಿನ ಗದ್ದೆವರೆಗೂ ಬರುತ್ತೆ. ಬೆನ್ನು ನೋಡಿಸೋಕೆ ನಮ್ಮವಳು ಎರಡು ಬಸ್ಸು ಬದಲಾಯಿಸಬೇಕು.

ಮಗು ಹನ್ನೊಂದು ದಿನ ಇತ್ತು. ಇಂಥ ಮಗು ಹೆತ್ತವಳು ಮುಂದಿನ ಬಸಿರಿಗೆ ಮೊದಲೇ ಡಾಕ್ಟರನ್ನು ಕೇಳಿ ಹತ್ತುಪಟ್ಟು ಫೋಲಿಕ್ ಆಸಿಡ್ ತಗೋಬೇಕು. ಡಿಸ್ಚಾರ್ಜ್ ಕಾಗದ ತಿರುಗಿಸಿ ಮುರುಗಿಸಿ ನೋಡಿದೆ. ಅದನ್ನೂ ಯಾರೂ ಬರೆದಿರಲಿಲ್ಲ.