ಗುಂಟೆ ಜಮೀನಿಗೆ ಐದು ಮೀಟರ್ ವ್ಯತ್ಯಾಸ: ಬೆಳೆ ಸಮೀಕ್ಷೆಯಲ್ಲಿ ಜಿಪಿಎಸ್ ಹೇಳಿದ್ದೇ ಅಂತಿಮವೇ?

ನಂಜನಗೂಡು/ತಿ.ನರಸೀಪುರ: ಬೆಳೆ ಸಮೀಕ್ಷೆ ಶುರುವಾದರೆ ಹುಲ್ಲಹಳ್ಳಿ ಕಡೆಯಿರಲಿ, ಬನ್ನೂರು ಕಡೆಯಿರಲಿ, ಕೇಳಿಬರುವ ದೂರು ಒಂದೇ: 'ಲೊಕೇಶನ್ ತಗೋತಾ ಇಲ್ಲ, ನೆಟ್‌ವರ್ಕ್ ಸರಿಯಿಲ್ಲ.' ಈ ಮಾತು ಅರ್ಧ ಮಾತ್ರ ನಿಜ.

ರೈತರೇ ಮೊಬೈಲ್‌ನಲ್ಲಿ ಬೆಳೆ ದಾಖಲಿಸುವ ಆ್ಯಪ್ ಬಂದದ್ದು 2020ರ ಮುಂಗಾರಿನಲ್ಲಿ. ರೈತರು ಮಾಡದ ಕಡೆ ಪಿ.ಆರ್. ಎಂದು ಕರೆಸಿಕೊಳ್ಳುವ ಖಾಸಗಿ ನಿವಾಸಿಗಳು ಮಾಡುತ್ತಾರೆ. ಸರ್ವೆ ನಂಬರಿನ ಗಡಿಯೊಳಗೆ ನಿಂತು ಬೆಳೆಯ ಫೋಟೊ ತೆಗೆಯಬೇಕು. ಇದೇ ವಿವರ ಪಹಣಿಗೆ ಹೋಗುತ್ತದೆ. ಬೆಂಬಲ ಬೆಲೆಗೆ ಭತ್ತ ಮಾರಲು, ಬೆಳೆ ವಿಮೆಗೆ, ನೆರೆ-ಬರ ಪರಿಹಾರಕ್ಕೆ ಇದೇ ಆಧಾರ. ನಿಮ್ಮ ಭತ್ತದ ಗದ್ದೆಯಲ್ಲಿ ಪಕ್ಕದವರ ಕಬ್ಬು ನಮೂದಾದರೆ ಖರೀದಿ ಕೇಂದ್ರದಲ್ಲಿ ತಕರಾರು ಗ್ಯಾರಂಟಿ.

ಜಿಪಿಎಸ್‌ಗೆ ಮೊಬೈಲ್ ಟವರ್ ಬೇಕಾಗಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಿಗ್ನಲ್ ಸಿಕ್ಕರೆ ಸಾಕು. ಯಾವ ಉಪಗ್ರಹ ಎಲ್ಲಿದೆ ಎಂಬ ವಿವರ ಇಂಟರ್‌ನೆಟ್ ಇದ್ದರೆ ಸೆಕೆಂಡುಗಳಲ್ಲಿ ಸಿಗುತ್ತೆ. ಇಲ್ಲದಿದ್ದರೆ ಅದನ್ನೂ ಉಪಗ್ರಹದಿಂದಲೇ ಪಡೆಯಬೇಕು. ಅದಕ್ಕೆ ಕಡಿಮೆ ಎಂದರೂ ಅರ್ಧ ನಿಮಿಷ, ಕೆಲವೊಮ್ಮೆ ಹಲವು ನಿಮಿಷ ಹಿಡಿಯುತ್ತೆ. ಅಷ್ಟರೊಳಗೆ ಅವಸರಪಟ್ಟರೆ ಫೋನ್ ಟವರ್ ಲೆಕ್ಕದಲ್ಲಿ ಅಂದಾಜು ಜಾಗ ತೋರಿಸಬಹುದು. ಅದು ನೂರಾರು ಮೀಟರ್ ಆಚೀಚೆ ಆಗೋದುಂಟು.

ಎರಡನೇ ಸಮಸ್ಯೆ ಗುಂಟೆಯದು. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, ಅಂದರೆ ಒಂದೊಂದು ಬದಿ ಸುಮಾರು ಹತ್ತು ಮೀಟರ್. ತೆರೆದ ಬಯಲಲ್ಲೂ ಸಾಮಾನ್ಯ ಫೋನಿನಲ್ಲಿ ಐದು ಮೀಟರ್‌ನಷ್ಟು ವ್ಯತ್ಯಾಸ ಸಹಜ. ತೆಂಗು, ಬಾಳೆ ತೋಟದೊಳಗೆ ಇನ್ನೂ ಹೆಚ್ಚು. ಎಕರೆ ಗದ್ದೆಯ ನಡುವೆ ನಿಂತರೆ ಇದು ಲೆಕ್ಕಕ್ಕೇ ಬರಲ್ಲ. ಅಣ್ಣತಮ್ಮಂದಿರ ಪಾಲಾಗಿ ಹತ್ತು ಗುಂಟೆಯ ಸಣ್ಣ ಪಟ್ಟಿ ಉಳಿದಿದ್ದರೆ, ಫೋನ್ ನಿಮ್ಮನ್ನು ಬದುವಿನಾಚೆ ನಿಲ್ಲಿಸಿಬಿಡಬಹುದು. ಜೊತೆಗೆ ಆ್ಯಪ್‌ನಲ್ಲಿ ಕಾಣುವ ಗಡಿರೇಖೆ ಹಳೆಯ ಗ್ರಾಮನಕ್ಷೆಯಿಂದ ಬಂದದ್ದು. ಅದರ ಏರುಪೇರೂ ಸೇರಿಕೊಳ್ಳುತ್ತೆ.

ರೈತರು ಮಾಡಬಹುದಾದದ್ದು ಇಷ್ಟು: ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗೆ 'ಪ್ರಿಸೈಸ್ ಲೊಕೇಶನ್' ಕೊಡಿ, ಬ್ಯಾಟರಿ ಸೇವರ್ ತೆಗೆಯಿರಿ. ಮರದಡಿ ನಿಲ್ಲದೆ ಜಮೀನಿನ ನಡುವೆ, ಬಯಲಲ್ಲಿ ನಿಲ್ಲಿ. ಮ್ಯಾಪ್‌ನಲ್ಲಿ ನೀಲಿ ವೃತ್ತ ಚಿಕ್ಕದಾಗುವವರೆಗೆ ಒಂದೆರಡು ನಿಮಿಷ ಕಾಯಿರಿ. ಪಿ.ಆರ್. ಬಂದಾಗ ಜಮೀನಿನಲ್ಲಿ ಇರಿ. ಆಮೇಲೆ 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ಏನು ದಾಖಲಾಗಿದೆ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಕೊಯ್ಲು ಮುಗಿದ ಮೇಲೆ ಹೋದರೆ ತೋರಿಸಲು ಗದ್ದೆಯಲ್ಲಿ ಬೆಳೆಯೇ ಇರಲ್ಲ.

ಇಷ್ಟಕ್ಕೇ ಹೊಣೆ ಎಲ್ಲಾ ರೈತರದ್ದು ಅಂತ ಆಗಬಾರದು. ಫೋನಿನ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತೆ ಎಂಬುದು ಗೊತ್ತಿರುವ ವಿಷಯ. ಸಣ್ಣ ಹಿಡುವಳಿಗಳಲ್ಲಿ ಆ ವ್ಯತ್ಯಾಸವನ್ನು ಒಪ್ಪಿಕೊಂಡು, ಆಕ್ಷೇಪಣೆ ಬಂದ ಕಡೆ ಬೆಳೆ ನಿಂತಿರುವಾಗಲೇ ಗ್ರಾಮ ಆಡಳಿತಾಧಿಕಾರಿ ಅಥವಾ ಕೃಷಿ ಸಿಬ್ಬಂದಿ ಸ್ಥಳಕ್ಕೆ ಬಂದು ನೋಡುವ ವ್ಯವಸ್ಥೆ ಗಟ್ಟಿಯಾಗಬೇಕು. ಬೆಳೆದ ಬೆಳೆ ಕಣ್ಣೆದುರಿಗಿರುವಾಗ ಫೋನಿನ ಮಾತೇ ಕೊನೆ ಅನ್ನೋದು ನ್ಯಾಯವಲ್ಲ.